ಯಾರಿಗೆ ಸುರೀತಿದ್ದೀಯ?

ನವೆಂಬರಿನ ಮೊದಲ ಶನಿವಾರ ಟೆಕ್ಸಾಸಿನಲ್ಲಿ ಬಂದೂಕಿನ ಜಿಂಕೆ ಬೇಟೆ ಶುರು. ಅದಕ್ಕಿನ್ನು ಹತ್ತೇ ದಿನ. ಈ ವಾರ ಕೆರ್‌ವಿಲ್ ಹತ್ತಿರದ ಜಮೀನೊಂದರಲ್ಲಿ, ಬೇಟೆಗೆಂದು ಅದನ್ನು ಗುತ್ತಿಗೆ ಹಿಡಿದಿರುವ ದಾವಣಗೆರೆ ಕಡೆಯ ಹುಡುಗ ಫೋನಿನಲ್ಲಿ ಕ್ಯಾಮೆರಾ ಚಿತ್ರ ನೋಡುತ್ತ ಗೊಣಗುತ್ತಿದ್ದ. ಪ್ರಾಣಿಗಳನ್ನು ಸೆಳೆಯಲು ಅವನಲ್ಲಿ ಫೀಡರ್ ಇಟ್ಟಿದ್ದ: ಕಾಲುಗಂಬದ ಮೇಲೆ ಮೆಕ್ಕೆಜೋಳ ತುಂಬಿದ ಡ್ರಮ್ಮು, ಹೊತ್ತಿಗೆ ಸರಿಯಾಗಿ ಅಡಿಯ ತಟ್ಟೆ ತಿರುಗಿ ಕಾಳು ಚೆಲ್ಲುತ್ತದೆ. "ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ, ಒಂದು ದಿನ ತಪ್ಪಿಲ್ಲ. ಆದರೂ ಜಿಂಕೆ ಇಲ್ಲ, ಟರ್ಕಿ ಕೋಳಿ ಇಲ್ಲ." ಜಮೀನಿನ ಯಜಮಾನ, ಎಪ್ಪತ್ತು ದಾಟಿದ ಮುದುಕ, ಡ್ರಮ್ಮಿನ ಮುಚ್ಚಳ ತೆಗೆದು ಮೂಸಿ ನೋಡಿ ಒಂದೇ ಮಾತು ಕೇಳಿದ: "ಯಾರಿಗೆ ಸುರೀತಿದ್ದೀಯ?"

ಕೊಂಕು ಮಾತು ಅನ್ನಿಸಿತ್ತು. ಆದರೆ ಫೀಡರಿನ ಕಷ್ಟವೆಲ್ಲ ಅದೊಂದು ಪ್ರಶ್ನೆಯಲ್ಲೇ ಇದೆ.

ಮೊದಲು ಏಳು ಗಂಟೆಯ ವಿಷಯ. ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳೂಮುಕ್ಕಾಲರ ಸುಮಾರಿಗೆ. ಏಳಕ್ಕೆ ಟರ್ಕಿಗಳು ಇನ್ನೂ ಮರದ ಮೇಲಿರುತ್ತವೆ. ಕತ್ತಲಲ್ಲಿ ಬಿದ್ದ ಕಾಳು ರಕೂನ್ ಎಂಬ, ರಾತ್ರಿ ಅಲೆಯುವ ಕಾಡುಪ್ರಾಣಿಗೆ. ಸೂರ್ಯ ಹುಟ್ಟಿ ಅರ್ಧ ಗಂಟೆಗೆ ಒಂದು ಸಲ, ಮುಳುಗುವುದಕ್ಕೆ ಒಂದೂವರೆ ಗಂಟೆ ಮುಂಚೆ ಇನ್ನೊಂದು ಸಲ ಸುರಿಯುವಂತೆ ಇಟ್ಟರೆ ಹಗಲಿನ ಪ್ರಾಣಿಗೆ ಸಿಗುತ್ತದೆ.

ಎಷ್ಟು ಸುರಿಯುತ್ತದೆ ಅನ್ನುವುದನ್ನು ಡಬ್ಬದ ಮೇಲಿನ ಬರಹ ನಂಬಿ ಲೆಕ್ಕ ಹಾಕಬಾರದು. ತಿರುಗುವ ತಟ್ಟೆಯ ಸುತ್ತ ಚೀಲ ಕಟ್ಟಿ, ಐದು ಸೆಕೆಂಡ್ ಓಡಿಸಿ, ತೂಗಬೇಕು. ಎರಡು ಕೆ.ಜಿ. ಬಂತು ಅನ್ನೋಣ, ದಿನಕ್ಕೆ ನಾಲ್ಕು. 55 ಗ್ಯಾಲನ್ ಡ್ರಮ್ಮಿಗೆ 50 ಪೌಂಡಿನ ಆರು ಚೀಲ ಹಾಕಿದರೆ ಸುಮಾರು 136 ಕೆ.ಜಿ., ಅಂದರೆ ತಿಂಗಳು ದಾಟುವಷ್ಟು. ಮಳೆ ಇದ್ದಾಗ ಮೆಕ್ಕೆಜೋಳ ಅಷ್ಟು ದಿನ ತಡೆಯುವುದಿಲ್ಲ. ಅರ್ಧ ತುಂಬಿ ಎರಡು ವಾರಕ್ಕೊಮ್ಮೆ ಹೋಗುವುದೇ ಸರಿ. ಈ ಹುಡುಗ ಕಂಠಮಟ್ಟ ತುಂಬಿದ್ದ. ಮುಚ್ಚಳದ ಪಟ್ಟಿ ಸಡಿಲ, ಮೇಲೆ ಒಣ ಕಾಳು, ಕೆಳಗೆ ಹಸಿರು ಬೂಷ್ಟು ಹಿಡಿದು ಹೆಪ್ಪುಗಟ್ಟಿದ ಗಡ್ಡೆ.

ಇಲ್ಲೇ ಅವನ ಮೇಲೆ ಸಿಟ್ಟು ಬರುವುದು. ಹುಟ್ಟಿದ್ದು ಮೆಕ್ಕೆಜೋಳದ ಸೀಮೆಯಲ್ಲಿ, ಮಂಡಿಯಲ್ಲಿ ತೇವ ನೋಡಿ ದರ ಮುರಿಯುವುದನ್ನು ಕಂಡವನು. ಫೀಡರು ದುಬಾರಿಯದು, ಆ್ಯಪ್‌ನಿಂದ ನಡೆಯುವಂಥದ್ದು. ಕಾಳು ಮಾತ್ರ ಯಾರೋ ಅಗ್ಗಕ್ಕೆ ದಾಟಿಸಿದ ಹೋದ ವರ್ಷದ್ದು! "ಜಿಂಕೆ ತಿನ್ನಲ್ವಾ ಇದನ್ನ?" ಎಂದು ಬೇರೆ ಕೇಳಿದ. ತಿಂದೀತು. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಟರ್ಕಿಯಂಥ ಹಕ್ಕಿಯ ಪಿತ್ತಜನಕಾಂಗಕ್ಕೆ ಬಹಳ ಬೇಗ ತಗಲುತ್ತದೆ. ಈ ವಿಷ ಜಗತ್ತಿಗೆ ಗೊತ್ತಾದದ್ದೇ ಟರ್ಕಿಗಳಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಸಾಕು ಟರ್ಕಿಗಳು ಸತ್ತವು. ಮನುಷ್ಯರ ಆಹಾರಕ್ಕೆ ಅಮೆರಿಕದಲ್ಲಿ ಮಿತಿ ಶತಕೋಟಿಗೆ 20 ಭಾಗ. ಕಾಡು ಪ್ರಾಣಿಗೆಂದು ಕೊಳ್ಳುವ ಚೀಲಕ್ಕೂ ಅದನ್ನೇ ನೋಡಿ ಕೊಂಡರೆ ತಪ್ಪಿಲ್ಲ.

ಇನ್ನು ತಟ್ಟೆ. ಅದಕ್ಕೂ ಮೇಲಿನ ಕೊಳವೆಗೂ ಅಂತರ ಹೆಚ್ಚಾದರೆ ಕಾಳು ತಟ್ಟೆಯಂಚು ದಾಟಿ ಸೋರುತ್ತದೆ. ರಕೂನು ಕಾಲುಗಂಬ ಹತ್ತಿ ಬಂದು ಕೈಯಲ್ಲೇ ತಟ್ಟೆ ತಿರುಗಿಸಿಕೊಂಡು ತಿನ್ನುತ್ತದೆ. ಅಂತರ ಕಡಿಮೆಯಾದರೆ ದಿಂಡಿನ ಚೂರು ಸಿಕ್ಕಿ ಮೋಟರ್ ನಿಲ್ಲುತ್ತದೆ. ತಟ್ಟೆ ನಿಂತಾಗ ಕಾಳು ಅದರ ಮೇಲೆ ಗುಡ್ಡೆಯಾಗಿ ಕೂರಬೇಕು, ಉದುರಬಾರದು. ಸುತ್ತ ತಂತಿಯ ಪಂಜರ ಇರಲೇಬೇಕು. ಟರ್ಕಿಯ ದೃಷ್ಟಿಯಲ್ಲಿ ರಕೂನ್ ಬರೀ ಕಾಳು ಕದಿಯುವ ಕಳ್ಳನಲ್ಲ. ಹೆಣ್ಣು ಟರ್ಕಿ ನೆಲದ ಮೇಲೆ ಹತ್ತು ಹನ್ನೆರಡು ಮೊಟ್ಟೆಯಿಟ್ಟು 28 ದಿನ ಕಾವು ಕೂರುತ್ತದೆ. ಫೀಡರಿನ ಆಸೆಗೆ ಸೇರಿದ ರಕೂನು ಆ ಗೂಡನ್ನೂ ಹುಡುಕಿಕೊಂಡು ಹೋಗುತ್ತದೆ. ಹಕ್ಕಿಯನ್ನು ಕರೆಯಲು ಇಟ್ಟದ್ದು ಅದರ ವಂಶಕ್ಕೇ ಮುಳುವು. ವಸಂತದಲ್ಲಿ ಎತ್ತರದ ಹುಲ್ಲಿನ ಪಕ್ಕದಲ್ಲಿ ಫೀಡರ್ ಇಡಬಾರದು.

ಕಾಡುಹಂದಿಗೆ ಬೇಲಿ. 34 ಇಂಚು ಎತ್ತರ, 16 ಅಡಿ ಉದ್ದದ ಕಬ್ಬಿಣದ ಜಾಲರಿ ಸಿಗುತ್ತದೆ. ಜಿಂಕೆ ನೆಗೆಯುತ್ತದೆ, ಟರ್ಕಿ ಹಾರುತ್ತದೆ, ಹಂದಿ ಹೊರಗುಳಿಯುತ್ತದೆ. ನಮ್ಮವನು ಎಂಟು ಜಾಲರಿಯಲ್ಲಿ ಮುಗಿಸಿದ್ದ, ಅಂದರೆ 40 ಅಡಿ ಅಗಲದ ಸುತ್ತು. ತಟ್ಟೆ ಕಾಳನ್ನು 30 ಅಡಿ ಆಚೆಗೂ ಎಸೆಯುತ್ತದೆ. ಹಂದಿಗಳು ಬೇಲಿಯ ಹೊರಗೆ ನಿಂತೇ ಉಣ್ಣುತ್ತಿದ್ದವು. ಇಪ್ಪತ್ತು ಜಾಲರಿಯಾದರೆ ಅಗಲ ನೂರು ಅಡಿ ದಾಟುತ್ತದೆ, ಕಾಳು ಒಳಗೇ ಉಳಿಯುತ್ತದೆ.

ಇಷ್ಟೆಲ್ಲ ಸರಿಮಾಡಿದರೂ ಮುದುಕನ ಪ್ರಶ್ನೆ ಬಿಡುವುದಿಲ್ಲ. ಮೆಕ್ಕೆಜೋಳದಲ್ಲಿ ಪ್ರೋಟೀನ್ ಕಡಿಮೆ, ಜಿಂಕೆಯ ಮೈಗಾಗಲಿ ಕೊಂಬಿಗಾಗಲಿ ಅದರಿಂದ ಹೆಚ್ಚೇನೂ ಇಲ್ಲ. ಅಭ್ಯಾಸವಿಲ್ಲದ ಜಿಂಕೆ ಒಮ್ಮೆಲೇ ಹೊಟ್ಟೆ ತುಂಬ ತಿಂದರೆ ಹೊಟ್ಟೆ ಹುಳಿಯೆದ್ದು ಸಾಯಲೂಬಹುದು. ಹತ್ತಾರು ಮೂತಿ ಒಂದೇ ಜಾಗಕ್ಕೆ ಬಂದರೆ ಜೊಲ್ಲೂ ಬರುತ್ತದೆ, ರೋಗವೂ ಬರುತ್ತದೆ. ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗ 2012ರಲ್ಲೇ ಟೆಕ್ಸಾಸಿನಲ್ಲಿ ಪತ್ತೆಯಾಗಿದೆ. ಅದರ ಅಂಶ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕಾಳು ಹಾಕಿ ಟರ್ಕಿ ಹೊಡೆಯುವುದು ಹಲವು ರಾಜ್ಯಗಳಲ್ಲಿ ಅಪರಾಧ. ಟೆಕ್ಸಾಸಿನ ಈ ಭಾಗದಲ್ಲಿ ಅಡ್ಡಿಯಿಲ್ಲ, ಪೂರ್ವದ ಕೆಲವು ಕೌಂಟಿಗಳಲ್ಲಿ ಇದೆ. ಹಾಗಾದರೆ ಸುರಿಯುವುದು ಪ್ರಾಣಿಗೋ, ನೂರು ಗಜ ದೂರದ ಮರೆಯಲ್ಲಿ ಕಾಫಿ ಹಿಡಿದು ಕೂತವನಿಗೋ? ಕಾಳು ಹಾಕುವುದೇ ತಪ್ಪು ಅನ್ನುವಷ್ಟು ಶುದ್ಧರು ಆ ಗುಡ್ಡಗಾಡಿನಲ್ಲಿ ಹೆಚ್ಚಿಲ್ಲ. ಮುದುಕನೂ ಹಾಕುತ್ತಾನೆ.

ಬೂಷ್ಟು ಕಾಳನ್ನು ಪೊದೆಗೆ ಎಸೆಯಲು ಹೊರಟವನನ್ನು ಅವನೇ ತಡೆದು ಗುಂಡಿ ತೋಡಿಸಿದ. ಡ್ರಮ್ಮನ್ನು ಉಜ್ಜಿ, ಬಿಸಿಲಿಗೆ ಬೋರಲು ಹಾಕಿದರು. ಟೈಮರ್ ಎಂಟೂಕಾಲಿಗೆ ಹೋಯಿತು. ಬೇಟೆ ಶುರುವಾದ ಮರುದಿನವೇ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಬೀಳುತ್ತದೆ. ಫೋನ್ ನೋಡಿ ನಡೆಯುವ ಆ ಫೀಡರ್ ತಾನೂ ಬದಲಾದರೆ, ಜಿಂಕೆಯ ಪಾಲಿಗೆ ಕಾಳು ಒಂದು ಗಂಟೆ ತಡ. ಅದಕ್ಕೆ ಏನು ಮಾಡಬೇಕೆಂದು ಹುಡುಗ ಆ್ಯಪ್‌ನಲ್ಲಿ ಹುಡುಕುತ್ತಲೇ ಇದ್ದ.