59 ವರ್ಷ ಸದನದಲ್ಲೇ

ಅಮೆರಿಕದ ರಾಜಕಾರಣಿ ಜಾನ್ ಡಿಂಗೆಲ್ ಬಗ್ಗೆ ಓದುತ್ತಿದ್ದೆ. ಮಿಷಿಗನ್ ರಾಜ್ಯದವರು. 1955ರಲ್ಲಿ ಅಪ್ಪ ತೀರಿಕೊಂಡಾಗ ಅವರ ಜಾಗಕ್ಕೆ ಗೆದ್ದು ಬಂದವರು 2015ರ ಜನವರಿವರೆಗೆ ಕೆಳಮನೆಯಲ್ಲೇ ಇದ್ದರು. ಅಲ್ಲಿನ ಸಂಸತ್ತಿನಲ್ಲಿ ಅಷ್ಟು ಕಾಲ ಇನ್ಯಾರೂ ಕೂತಿಲ್ಲ. ಅವರ ನಂತರ ಆ ಕ್ಷೇತ್ರಕ್ಕೆ ಬಂದವರು ಹೆಂಡತಿ ಡೆಬ್ಬಿ. ಕುಟುಂಬ ರಾಜಕಾರಣ ಅಂತ ಬೈದರೆ ತಪ್ಪೇನಿಲ್ಲ.

ನನಗೆ ಹಿಡಿಸಿದ್ದು ಜಾನ್ ಅವರ ಹಟ. ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಬೇಕು ಅಂತ ಅಪ್ಪ 1943ರಲ್ಲೇ ಮಸೂದೆ ತಂದಿದ್ದರು. ಪಾಸಾಗಲಿಲ್ಲ. ಮಗ ಪ್ರತಿ ಹೊಸ ಸದನದ ಶುರುವಿನಲ್ಲೂ ಅಂಥದ್ದೇ ಮಸೂದೆ ಮಂಡಿಸುತ್ತಾ ಹೋದರು. ಬಿದ್ದುಹೋಗುತ್ತೆ ಅಂತ ಗೊತ್ತಿದ್ದೂ! 1965ರಲ್ಲಿ ವಯಸ್ಸಾದವರಿಗಾಗಿ ಮೆಡಿಕೇರ್ ಅನ್ನೋ ಸರ್ಕಾರಿ ಆರೋಗ್ಯ ವಿಮೆ ಬಂತು. ಕೆಳಮನೆಯಲ್ಲಿ ಅದು ಪಾಸಾದಾಗ ಪೀಠದಲ್ಲಿ ಕೂತಿದ್ದವರು ಇವರೇ. ಸದನ ನಡೆಸುವವರು ಮೇಜಿಗೆ ಕುಟ್ಟುತ್ತಾರಲ್ಲ, ಅವತ್ತಿನ ಆ ಸುತ್ತಿಗೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. 2010ರಲ್ಲಿ ಒಬಾಮಾ ಕಾಲದ ಆರೋಗ್ಯ ಕಾಯ್ದೆಗೆ ಮತ ಹಾಕಿದ ದಿನ ಸ್ಪೀಕರ್ ನ್ಯಾನ್ಸಿ ಪೆಲೋಸಿ ಕೈಯಲ್ಲಿ ಇದ್ದದ್ದು ಅದೇ ಸುತ್ತಿಗೆ.

ಹಾಗಂತ ತಲೆ ಮೇಲೆ ಹೊತ್ತು ಮೆರೆಸೋದೂ ಬೇಡ. ಡೆಟ್ರಾಯ್ಟ್‌ನ ಕಾರು ಕಂಪನಿಗಳ ಪರ ನಿಂತು, ಹೊಗೆ ಮತ್ತು ಮೈಲೇಜ್ ನಿಯಮ ಬಿಗಿಯಾಗದಂತೆ ವರ್ಷಗಟ್ಟಲೆ ಅಡ್ಡ ಹಾಕಿದವರೂ ಇವರೇ. 2008ರಲ್ಲಿ ಸ್ವಂತ ಪಕ್ಷದವರೇ ಅವರನ್ನು ಇಂಧನ ಸಮಿತಿಯ ಅಧ್ಯಕ್ಷಗಿರಿಯಿಂದ ಇಳಿಸಿದರು. ಇತ್ತ ಅಳಿವಿನಂಚಿನ ಪ್ರಾಣಿಗಳನ್ನು ಕಾಪಾಡುವ 1973ರ ಕಾನೂನಿನ ಹಿಂದೆಯೂ ಇದೇ ಮನುಷ್ಯ. ಸುಮ್ನೆ ಒಳ್ಳೆಯವರು, ಕೆಟ್ಟವರು ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ ಅಲ್ವಾ?

ಒಬ್ಬರನ್ನೇ ಅಷ್ಟು ವರ್ಷ ಗೆಲ್ಲಿಸುವುದು ಸರಿಯಾ ಅನ್ನೋ ಅನುಮಾನ ನನಗೆ ಈಗಲೂ ಇದೆ. ಆದರೆ ನಿವೃತ್ತಿಯ ಮೇಲೂ ಅಜ್ಜ ಸುಮ್ಮನಿರಲಿಲ್ಲ. 2019ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಟ್ವಿಟರ್‌ನಲ್ಲಿ ಟ್ರಂಪ್ ಕಾಲೆಳೆಯುತ್ತಲೇ ಇದ್ದರು.