ಕುಣಿಗಲ್ ಕಡೆ ಹಸು, ಕುದುರೆ ನೋಡಲು ಹೊರಟವರಿಗೆ

ಮಕ್ಕಳಿಗೆ ಹಸು, ಕುದುರೆ ತೋರಿಸೋಣ ಅಂತ ಕುಣಿಗಲ್ ಹತ್ತಿರ ಒಂದು ಫಾರ್ಮ್ ಸ್ಟೇ ಬುಕ್ ಮಾಡಿದ್ದೆವು. ಒಂದು ರಾತ್ರಿಗೆ 4,500 ರೂಪಾಯಿ. ಫೋಟೋದಲ್ಲಿ ಕೊಟ್ಟಿಗೆ ತುಂಬಾ ಹಸುಗಳಿದ್ದವು. ಹೋಗಿ ನೋಡಿದರೆ ಕೊಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಜೋಡಿಸಿಟ್ಟಿದ್ದರು. ಕಾಫಿಗೆ ಬಂದದ್ದು ಪ್ಯಾಕೆಟ್ ಹಾಲು. ಕೇಳಿದ್ದಕ್ಕೆ ಅಡುಗೆಯವರು, "ಹಸು ಹೋದ ವರ್ಷಾನೇ ಮಾರಿಬಿಟ್ರು ಮೇಡಂ" ಅಂದರು. ಒಂದೇ ಒಂದು ಕುದುರೆ ಇತ್ತು. ಅದೂ ಬಿಸಿಲಲ್ಲಿ, ಬೆನ್ನ ಮೇಲೆ ಗಾಯ. ಒಂದು ಸುತ್ತಿಗೆ 200 ರೂಪಾಯಿ. ಮಗಳು ಹತ್ತುವುದಿಲ್ಲ ಅಂದಳು, ನಾನೂ ಒತ್ತಾಯ ಮಾಡಲಿಲ್ಲ.

ದಯವಿಟ್ಟು ಇಂಥ ಜಾಗಕ್ಕೆ ದುಡ್ಡು ಸುರಿಯಬೇಡಿ. ಸಂಜೆ ಐದೂವರೆಗೆ ಪಕ್ಕದ ಯಾವುದಾದರೂ ಹಳ್ಳಿಯ ಡೈರಿ ಮುಂದೆ ಹೋಗಿ ನಿಲ್ಲಿ. ನಾವು ಬೇಜಾರಲ್ಲಿ ಸುಮ್ನೆ ನಡೆದುಕೊಂಡು ಹೋಗಿ ಸೇರಿದ್ದು ಅಲ್ಲಿಗೇ. ಹತ್ತಾರು ಮನೆಯವರು ಕ್ಯಾನ್ ಹಿಡಿದು ಸಾಲಲ್ಲಿ ನಿಂತಿದ್ದರು. ಒಬ್ಬರದು ಇಪ್ಪತ್ತು ಲೀಟರ್, ಇನ್ನೊಬ್ಬರದು ಒಂದು ಚೊಂಬು. ಇಬ್ಬರಿಗೂ ಒಂದೇ ಸಾಲು. ಹಾಲು ಎಷ್ಟು ಗಟ್ಟಿ ಅನ್ನೋ ಡಿಗ್ರಿ, ಫ್ಯಾಟ್ ನೋಡಿ ಪುಸ್ತಕಕ್ಕೆ ಬರೆಯುತ್ತಾರೆ. ಹಾಲಿನ ಬಟವಾಡೆ ದುಡ್ಡಲ್ಲೇ ಮನೆಯ ಸಂತೆ, ಮಕ್ಕಳ ಫೀಸು ಎಲ್ಲ ನಡೆಯೋದು.

ಅಲ್ಲಿ ಸಿಕ್ಕ ಒಬ್ಬ ಅಜ್ಜಿ, "ಬಾ ಕಣವ್ವ, ಇನ್ನೊಂದು ಹಸ ಕರೆಯೋದೈತೆ, ಮಕ್ಕಳು ನೋಡ್ಲಿ" ಅಂತ ಮನೆಗೆ ಕರೆದುಕೊಂಡು ಹೋದರು. ಎರಡು ಸೀಮೆ ಹಸು, ಮೂರು ದಿನದ ಕರು. ಕರು ಹಾಕಿದ ಹೊಸದರಲ್ಲಿ ಆ ಹಾಲನ್ನು ಡೈರಿಗೆ ಹಾಕುವುದಿಲ್ಲ. ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೆಲ್ಲ ಹಂಚುತ್ತಾರೆ. ನಮಗೂ ಒಂದು ಡಬ್ಬ ಕೊಟ್ಟರು. ಬೆಲ್ಲ, ಏಲಕ್ಕಿ ಹಾಕಿದ್ದು. ದುಡ್ಡು ಕೊಡಲು ಹೋದರೆ ಬೇಜಾರು ಮಾಡಿಕೊಂಡರು. ಹೋಗುವಾಗ ಹಣ್ಣು ತೆಗೆದುಕೊಂಡು ಹೋಗಿ, ಅದನ್ನು ಬೇಡ ಅನ್ನುವುದಿಲ್ಲ.

ಅಜ್ಜ ಹಿಂದೆ ಕುದುರೆ ಫಾರ್ಮಿನಲ್ಲಿ ಕೆಲಸ ಮಾಡಿದವರು. ಕುಣಿಗಲ್‌ನಲ್ಲಿ ಕುದುರೆ ಸಾಕಣೆ ಟಿಪ್ಪು ಕಾಲದಿಂದಲೂ ಇದೆ. ಆಗ ಸೈನ್ಯಕ್ಕೆ, ಆಮೇಲೆ ರೇಸಿಗೆ. ಹೆಣ್ಣು ಕುದುರೆ ಹನ್ನೊಂದು ತಿಂಗಳು ಹೊರುತ್ತೆ, ಮರಿ ಹಾಕೋದು ಹೆಚ್ಚಾಗಿ ರಾತ್ರಿ, ಅದಕ್ಕೇ ಎಷ್ಟೋ ರಾತ್ರಿ ಲಾಯದಲ್ಲೇ ಕಾದಿದ್ದೀನಿ ಅಂದರು. ಹುಟ್ಟಿದ ಮರಿ ಒಂದು ಗಂಟೆಯೊಳಗೆ ಎದ್ದು ನಿಲ್ಲುವುದನ್ನು ಕೈಯಲ್ಲೇ ಅಭಿನಯಿಸಿ ತೋರಿಸಿದರು. ಮಗಳು ಇವತ್ತಿಗೂ ಅದನ್ನೇ ಹೇಳುತ್ತಾಳೆ. ಆದರೆ ಆ ಕುದುರೆ ಫಾರ್ಮ್ ಪಾರ್ಕ್ ಅಲ್ಲ. ಅನುಮತಿ ಇಲ್ಲದೆ ಒಳಗೆ ಹೋಗಬಹುದು ಅಂದುಕೊಂಡು ಬೆಂಗಳೂರಿನಿಂದ 70 ಕಿಲೋಮೀಟರ್ ಹೊರಡಬೇಡಿ.

ಕೊಟ್ಟಿಗೆಗೆ ಹೋದಾಗ ಹಸುವಿನ ಹಿಂದೆ ನಿಲ್ಲಬೇಡಿ, ಫ್ಲಾಶ್ ಹಾಕಬೇಡಿ. ಕಾಲುಬಾಯಿ ಜ್ವರ ಇರುವ ಹೊತ್ತಲ್ಲಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಅದು ಸರಿಯೇ, ತಪ್ಪು ತಿಳಿಯಬೇಡಿ.

ಊಟದ ವಿಷಯಕ್ಕೆ ಬಂದರೆ, ಫಾರ್ಮ್ ಸ್ಟೇನಲ್ಲಿ 350 ರೂಪಾಯಿ ಕೊಟ್ಟು ತಣ್ಣಗಿನ ನೂಡಲ್ಸ್ ತಿಂದಿದ್ದೆವು. ಮರುದಿನ ಮಧ್ಯಾಹ್ನ ಕುಣಿಗಲ್ ಬಸ್ ಸ್ಟ್ಯಾಂಡ್ ಹತ್ತಿರ ಆರು ಬೆಂಚಿನ ಒಂದು ಮೆಸ್‌ಗೆ ಹೋದೆವು. 60 ರೂಪಾಯಿಗೆ ಹಬೆಯಾಡುವ ಮುದ್ದೆ, ಹುರುಳಿಕಾಳು ಬಸ್ಸಾರು, ಬಸಿದ ಕಾಳಿನ ಪಲ್ಯ, ಅನ್ನ, ಮಜ್ಜಿಗೆ. ಸಾರಿನಲ್ಲಿ ಬೆಳ್ಳುಳ್ಳಿ ಘಮ, ಖಾರ ಹದವಾಗಿ. ಮುದ್ದೆ ನುಂಗಲು ಬಾರದ ನನ್ನ ಮಗ ಎರಡನೆಯದು ಕೇಳಿದ. ಬಡಿಸುವವರೇ, "ಬಿಸಿ ಐತೆ, ನಿಧಾನ ಕಣಪ್ಪ" ಅಂತ ಪಕ್ಕದಲ್ಲಿ ಕೂತು ಉರುಟು ಮಾಡಿ ಕೊಟ್ಟರು. ಹನ್ನೆರಡೂವರೆಗೆ ಹೋಗಿ, ಎರಡು ಗಂಟೆಗೆಲ್ಲ ಸಾರು ಖಾಲಿ.

ವಾಪಸ್ ಬರುವಾಗ ಭಾನುವಾರ ಸಂಜೆ ಒಂದು ಖಾಸಗಿ ಬಸ್ ಹತ್ತಿದ್ದು ದೊಡ್ಡ ತಪ್ಪು. ಸೀಟಿದೆ ಅಂತ ಕೂಗಿ ಹತ್ತಿಸಿಕೊಂಡು ನೆಲಮಂಗಲದವರೆಗೂ ನಿಲ್ಲಿಸಿದರು. ನನಗೆ ನೂಕುನುಗ್ಗಲು ಆಗಲ್ಲ, ಮಕ್ಕಳಿದ್ದರೆ ಇನ್ನೂ ಕಷ್ಟ ಅಲ್ವಾ? ಶನಿವಾರ ಬೆಳಗ್ಗೆ ಹೋಗಿ, ಭಾನುವಾರ ಊಟ ಮುಗಿದ ತಕ್ಷಣ ಹೊರಟುಬಿಡಿ. ಹಾಸನದ ರೈಲು ಮಾರ್ಗದಲ್ಲಿ ಕುಣಿಗಲ್‌ಗೂ ಸ್ಟೇಷನ್ ಇದೆ, ಅದರ ಸಮಯ ಹೊಂದಿದರೆ ಬಸ್ಸಿನ ಸಹವಾಸವೇ ಬೇಡ.