ಗಗನನೌಕೆಯಲ್ಲಿ ಒಂದೇ ಒಂದು ಕಾಫಿ ಗಿಡ

ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ಲೇಖಕರ ಬಗ್ಗೆ ಬರೆಯುವಾಗ ನಮ್ಮಲ್ಲಿ ಒಂದು ಅಭ್ಯಾಸ ಇದೆ. "ಪಾಪ, ಕಷ್ಟಪಟ್ಟು ಬರೆದಿದ್ದಾರೆ, ಒಳ್ಳೆ ಪ್ರಯತ್ನ" ಅಂತ ನಾಲ್ಕು ಸಾಲು ಗೀಚಿ ನಾಲ್ಕು ಸ್ಟಾರ್ ಕೊಟ್ಟುಬಿಡುವುದು. ನನಗೆ ಇದು ಸ್ವಲ್ಪವೂ ಇಷ್ಟವಿಲ್ಲ. ಅದರಿಂದ ಲೇಖಕರಿಗೂ ಉಪಯೋಗ ಇಲ್ಲ, ಓದುವವರಿಗೂ ಇಲ್ಲ. ದೊಡ್ಡ ಪ್ರಕಾಶಕರ ಹತ್ತಿರ ಸಂಪಾದಕರು ಇರುತ್ತಾರೆ, ಕರಡು ತಿದ್ದುವವರು ಇರುತ್ತಾರೆ. ಒಬ್ಬರೇ ಬರೆದು, ಒಬ್ಬರೇ ಮುಖಪುಟ ಮಾಡಿಸಿ, ಒಬ್ಬರೇ ಅಪ್‌ಲೋಡ್ ಮಾಡುವವರಿಗೆ ಸಿಗುವ ಮೊದಲ ಹೊರಗಿನ ಓದುಗ ಎಷ್ಟೋ ಸಲ ವಿಮರ್ಶೆ ಬರೆಯುವವನೇ. ಆದ್ದರಿಂದ ಪುಸ್ತಕ ಪೂರ್ತಿ ಓದಬೇಕು, ಎಲ್ಲಿ ಸೋತಿದೆ ಅಂತ ಪುಟ ಹಿಡಿದು ಹೇಳಬೇಕು.

ಕೊಡಗಿನ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ ಕಾಲ. ಜುಲೈಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲ, ಅದರ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ, ಆದರೆ ಇ-ಪುಸ್ತಕ ಓದುವ ಕಿಂಡಲ್ ಒಂದು ಸಲ ಚಾರ್ಜ್ ಆದರೆ ವಾರಗಟ್ಟಲೆ ನಡೆಯುತ್ತದೆ. ಹಾಗಾಗಿ ಈ ಸಲವೂ ಮಳೆ ಹಿಡಿಯುವ ಮೊದಲೇ ಸ್ವತಂತ್ರ ಲೇಖಕರ ವಿಜ್ಞಾನ ಕಾದಂಬರಿಗಳನ್ನು ತುಂಬಿಕೊಂಡು ಕೂತೆ. ಕೆಲವನ್ನು ಅರ್ಧಕ್ಕೇ ಬಿಟ್ಟೆ. ಮೂರರ ಬಗ್ಗೆ ಮಾತ್ರ ಹೇಳಲೇಬೇಕು. ಹೆಸರು ಹಾಕುತ್ತಿಲ್ಲ, ಯಾಕಂದರೆ ಮೂರೂ ಇನ್ನೂ ತಿದ್ದುಪಡಿಯಲ್ಲಿವೆ. ನಾಳೆ ಬದಲಾಗುವ ಪುಟಕ್ಕೆ ಇವತ್ತು ಹೆಸರು ಹಿಡಿದು ದೂರು ಹೇಳುವುದು ಸರಿಯಲ್ಲ.

ಮೊದಲನೆಯದು ತಲೆಮಾರುಗಳ ನೌಕೆಯ ಕಥೆ. ಹೋಗುತ್ತಿರುವುದು ಪ್ರಾಕ್ಸಿಮಾ ಸೆಂಟಾರಿ ಕಡೆಗೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಅಂದರೂ 4.24 ಜ್ಯೋತಿರ್ವರ್ಷ ದೂರ. ಸೆಕೆಂಡಿಗೆ ಸುಮಾರು 17 ಕಿ.ಮೀ. ಓಡುತ್ತಿರುವ ನಾಸಾದ ಗಗನನೌಕೆ ವಾಯೇಜರ್-1ರ ವೇಗದಲ್ಲಿ ಹೋದರೆ ಎಪ್ಪತ್ತು ಸಾವಿರ ವರ್ಷಕ್ಕೂ ಜಾಸ್ತಿ ಬೇಕು. ಇವರ ನೌಕೆ ಅದಕ್ಕಿಂತ ಎಷ್ಟೋ ವೇಗದ್ದು, ಆದರೂ ಹೊರಟವರ ಮೊಮ್ಮಕ್ಕಳ ಮಕ್ಕಳು ತಲುಪಬೇಕು. ನೌಕೆಯಲ್ಲಿ ಒಂದೇ ಒಂದು ಕಾಫಿ ಗಿಡ ಉಳಿದಿದೆ. ಅದನ್ನು ಒಬ್ಬ ಅಜ್ಜಿ ಕಾಯುತ್ತಾಳೆ. ವರ್ಷಕ್ಕೊಮ್ಮೆ ಹಣ್ಣು ಬಿಡುತ್ತದೆ, ಎಲ್ಲರಿಗೂ ಒಂದೊಂದು ಗುಟುಕು ಕಾಫಿ. ಇಡೀ ಕಾದಂಬರಿ ಈ ಗಿಡದ ಸುತ್ತ ನಿಂತಿದೆ.

ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನಿಸಿತು. ಪಕ್ಕದ ತೋಟದ ಅಣ್ಣನಿಗೆ ಕಥೆ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಅರೇಬಿಕಾನೋ ರೋಬಸ್ಟಾನೋ?" ಪುಸ್ತಕದಲ್ಲಿ ಅದು ಇಲ್ಲ. "ರೋಬಸ್ಟಾ ಆದ್ರೆ ಒಂದೇ ಗಿಡ ಇಟ್ಕೊಂಡು ಕಾಯಿ ಕಟ್ಟಲ್ಲ ಮಾರಾಯ."

ಅವರು ಹೇಳಿದ್ದು ಸರಿ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಅದೂ ಅದೇ ಗಿಡದಿಂದ ಕಡ್ಡಿ ನೆಟ್ಟು ಬೆಳೆಸಿದ್ದು ಆಗುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ ನೀರಿನದ್ದು. ನೌಕೆಯಲ್ಲಿ ದಿನಾ ತೊಟ್ಟು ತೊಟ್ಟು ನೀರು ಬೀಳುತ್ತದೆ ಅಂತ ಲೇಖಕರು ಬರೆದಿದ್ದಾರೆ. ದಿನಾ ನೀರು ಕುಡಿದ ಕಾಫಿ ಗಿಡ ಒಟ್ಟಿಗೆ ಹೂ ಬಿಡುವುದಿಲ್ಲ. ಮಳೆ ನಿಂತು ಮಣ್ಣು ಒಣಗಬೇಕು, ಮೊಗ್ಗು ಹಾಗೇ ಕಾದು ಕೂರಬೇಕು, ಆಮೇಲೆ ಫೆಬ್ರವರಿ ಮಾರ್ಚ್‌ನಲ್ಲಿ ಒಂದು ಇಂಚು, ಒಂದೂವರೆ ಇಂಚು ಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ಇಡೀ ತೋಟ ಬೆಳ್ಳಗಾಗುತ್ತದೆ. ಆ ಒಂದು ಮಳೆಗೆ ಇಲ್ಲಿ ಪ್ರತಿ ಮನೆಯಲ್ಲೂ ಎಷ್ಟು ಚಡಪಡಿಕೆ ಇರುತ್ತದೆ ಅಂತ ಗೋಣಿಕೊಪ್ಪದ ಅಂಗಡಿಯಲ್ಲಿ ಐದು ನಿಮಿಷ ನಿಂತರೆ ಗೊತ್ತಾಗುತ್ತದೆ. "ನಿಮ್ಮಲ್ಲಿ ಎಷ್ಟು ಬಿತ್ತು?" "ಎಂಬತ್ತು ಸೆಂಟ್." "ಅಯ್ಯೋ, ಸಾಲದು." (ನೂರು ಸೆಂಟ್ ಅಂದರೆ ಒಂದು ಇಂಚು ಮಳೆ.) ಅರ್ಧಂಬರ್ಧ ಮಳೆ ಬಿದ್ದರೆ ಮೊಗ್ಗು ಸರಿಯಾಗಿ ಅರಳುವುದೇ ಇಲ್ಲ, ಆ ವರ್ಷದ ಫಸಲು ಹೋದ ಹಾಗೆ.

ನಾನು ಹೇಳಬೇಕಾಗಿರುವುದು ಇಷ್ಟೇ. ಇದು ಲೇಖಕರಿಗೆ ಸಸ್ಯಶಾಸ್ತ್ರದಲ್ಲಿ ಮಾರ್ಕ್ಸ್ ಕಳೆಯುವ ಮಾತಲ್ಲ. ವಿಜ್ಞಾನ ತಪ್ಪಿದ ಜಾಗದಲ್ಲೇ ಅವರ ಕೈಯಿಂದ ಒಂದು ದೊಡ್ಡ ಅಧ್ಯಾಯ ತಪ್ಪಿಹೋಗಿದೆ. ಯೋಚನೆ ಮಾಡಿ. ನೌಕೆಯ ಕೊನೆಯ ಕಾಫಿ ಗಿಡ. ಅದು ಒಟ್ಟಿಗೆ ಹೂ ಬಿಡಬೇಕಾದರೆ ಯಾರಾದರೂ ಒಬ್ಬರು ಬೇಕಂತಲೇ ಅದಕ್ಕೆ ನೀರು ನಿಲ್ಲಿಸಬೇಕು. ಎಲೆ ಜೋಲು ಬೀಳುವುದನ್ನು ನೋಡುತ್ತಾ ಇರಬೇಕು. ಮಕ್ಕಳು ಬಂದು ಅಳುತ್ತಾರೆ, ಕ್ಯಾಪ್ಟನ್ ಬಂದು ಬೈಯುತ್ತಾರೆ, ಕದ್ದು ನೀರು ಹಾಕುವವರೂ ಇರುತ್ತಾರೆ. ಅಜ್ಜಿ ಒಬ್ಬಳೇ ಎಲ್ಲರಿಗೂ ಅಡ್ಡ ನಿಲ್ಲಬೇಕು. ಈಗಿರುವ ಪುಸ್ತಕದಲ್ಲಿ ಅವಳು ಗಿಡದ ಎಲೆ ಒರೆಸುತ್ತಾ ಭೂಮಿಯ ನೆನಪು ಹೇಳುತ್ತಾಳೆ, ಅಷ್ಟೇ. ಪಾತ್ರ ಸಪ್ಪೆ ಆಗಿದ್ದು ಅಲ್ಲೇ.

ಇದನ್ನೆಲ್ಲ ಲೇಖಕರಿಗೆ ಬರೆದೆ. ಉತ್ತರ ಬಂತು. ಎಷ್ಟು ದಿನ ನೀರು ನಿಲ್ಲಿಸಬಹುದು, ಗಿಡ ಸಾಯುವ ಮೊದಲು ಎಲೆ ಹೇಗಿರುತ್ತದೆ, ಹೂವಿನ ವಾಸನೆ ಯಾವುದರ ಹಾಗೆ ಅಂತೆಲ್ಲ ಕೇಳಿದ್ದರು. ಅಣ್ಣ ಕೂತು ಒಂದೊಂದಕ್ಕೂ ಉತ್ತರ ಹೇಳಿದರು, ನಾನು ಇಂಗ್ಲಿಷಿಗೆ ಮಾಡಿ ಕಳಿಸಿದೆ.

ಹೀಗೆ ಆಗುವುದು ಹೊಸದೇನಲ್ಲ. ಆಂಡಿ ವಿಯರ್ ತಮ್ಮ 'ದಿ ಮಾರ್ಷಿಯನ್' ಕಾದಂಬರಿಯನ್ನು ಮೊದಲು ತಮ್ಮ ವೆಬ್‌ಸೈಟಿನಲ್ಲಿ ಒಂದೊಂದೇ ಅಧ್ಯಾಯ ಹಾಕುತ್ತಾ ಹೋದರು. ಓದುವವರು ಅವರ ರಸಾಯನಶಾಸ್ತ್ರ ತಿದ್ದಿದರು, ಲೆಕ್ಕ ತಿದ್ದಿದರು. 2011ರಲ್ಲಿ ಕಿಂಡಲ್‌ನಲ್ಲಿ 99 ಸೆಂಟ್‌ಗೆ ಬಂತು. 2014ರಲ್ಲಿ ದೊಡ್ಡ ಪ್ರಕಾಶಕರು ತಂದರು, ಮರುವರ್ಷ ಸಿನಿಮಾ ಆಯಿತು. ಹ್ಯೂ ಹೋವಿ ಅವರ 'ವೂಲ್' ಕೂಡ 2011ರಲ್ಲಿ ಬರೀ ಒಂದು ಸಣ್ಣ ಕಥೆಯಾಗಿ ಬಂದಿದ್ದು. ಮುಂದೇನಾಯಿತು ಅಂತ ಓದುಗರು ಗಂಟು ಬಿದ್ದಿದ್ದಕ್ಕೆ ಉಳಿದ ಭಾಗ ಬರೆದರು. 2021ರಲ್ಲಿ ಅದೇ ಹೋವಿ, ಸ್ವಂತವಾಗಿ ಪ್ರಕಟಿಸಿದ ವಿಜ್ಞಾನ ಕಾದಂಬರಿಗಳಿಗಾಗಿಯೇ ಒಂದು ಸ್ಪರ್ಧೆ ಶುರುಮಾಡಿಸಿದರು. ಮೊದಲ ವರ್ಷ 300 ಪುಸ್ತಕ, ಅವನ್ನು ಹಂಚಿಕೊಂಡು ಓದಿದ್ದು ಬ್ಲಾಗ್ ಬರೆಯುವವರ ತಂಡಗಳು.

ಈಗ ಎರಡನೇ ಪುಸ್ತಕ. ಇದು ನನಗೆ ತುಂಬಾ ಹಿಡಿಸಿತು. ತಿರುಗುವ ಚಕ್ರದಂಥ ಬಾಹ್ಯಾಕಾಶ ನಿಲ್ದಾಣ, ತ್ರಿಜ್ಯ 30 ಮೀಟರ್. ಇಷ್ಟು ಸಣ್ಣ ಚಕ್ರದಲ್ಲಿ ಭೂಮಿಯಷ್ಟೇ ತೂಕ ಅನಿಸಬೇಕಾದರೆ ನಿಮಿಷಕ್ಕೆ ಐದೂವರೆ ಸುತ್ತು ತಿರುಗಬೇಕು. ಹೊಸದಾಗಿ ಬಂದವರಿಗೆ ತಲೆ ಸುತ್ತಿ ವಾಂತಿ ಬರುತ್ತದೆ. ಅಲ್ಲೇ ಹುಟ್ಟಿದ ಮಕ್ಕಳಿಗೆ ಏನೂ ಅನಿಸಲ್ಲ. ಆ ಮಕ್ಕಳು ಚೆಂಡಾಟ ಆಡುವ ಅಧ್ಯಾಯ ಒಂದಿದೆ, ಅದನ್ನು ಎರಡು ಸಲ ಓದಿದೆ. ಚಕ್ರ ತಿರುಗುವ ದಿಕ್ಕಿಗೆ ಎಸೆದರೆ ಚೆಂಡು ಬೇಗ ನೆಲಕ್ಕೆ ಬೀಳುತ್ತದೆ. ಎದುರು ದಿಕ್ಕಿಗೆ ಎಸೆದರೆ ಹಗುರಾಗಿ ದೂರ ಹೋಗುತ್ತದೆ. ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ಎದುರಿಗೆ ಹೊಡೆದರೆ, ಗಾಳಿಯ ತಡೆ ಬಿಟ್ಟರೆ, ಚೆಂಡು ಬೀಳುವುದೇ ಇಲ್ಲ. ಹನ್ನೊಂದು ಸೆಕೆಂಡಿನಲ್ಲಿ ಇಡೀ ಚಕ್ರ ಸುತ್ತಿ ಹೊಡೆದವನ ಬೆನ್ನ ಹಿಂದಿನಿಂದ ಬರುತ್ತದೆ! ನಿಲ್ದಾಣದಲ್ಲಿ ಗಾಳಿಯೂ ಇರುವುದರಿಂದ ಅಷ್ಟು ದೂರ ಬರಲ್ಲ ಅನ್ನುವುದನ್ನೂ ಲೇಖಕಿ ಮರೆತಿಲ್ಲ. ಮಕ್ಕಳು ಒಬ್ಬರ ಮೇಲೆ ಒಬ್ಬರು ಬಾಜಿ ಕಟ್ಟಿಕೊಂಡು ಇನ್ನೂ ಜೋರಾಗಿ ಹೊಡೆಯುವುದೇ ಆಟ. ಹಾಕಿ ಆಟ ನೋಡಿ ಬೆಳೆದ ನಮಗೆ ಆ ಪುಟಗಳು ಕೈಯಲ್ಲಿ ಸ್ಟಿಕ್ ಹಿಡಿದ ಹಾಗೇ ಇರುತ್ತವೆ. ಆಮೇಲೆ ಆ ಮಕ್ಕಳಲ್ಲೇ ಒಬ್ಬಳು ಹುಡುಗಿ ದೊಡ್ಡವಳಾಗಿ ಭೂಮಿಗೆ ಬಂದಾಗ ನೇರವಾಗಿ ಬಂದ ಚೆಂಡು ಹಿಡಿಯಲು ಆಗುವುದಿಲ್ಲ, ಕೈ ತಾನಾಗಿ ಪಕ್ಕಕ್ಕೆ ಹೋಗುತ್ತದೆ. ಅವಳು ಪರದೇಶದವಳು ಅಂತ ಹೇಳಲು ಬೇರೆ ಒಂದು ಸಾಲೂ ಬೇಕಾಗಿಲ್ಲ. ಭಾಷೆ ಅಲ್ಲಲ್ಲಿ ಒರಟು, ಅಚ್ಚಿನ ತಪ್ಪು ಜಾಸ್ತಿ, ಕೊನೆ ಅವಸರದ್ದು. ಆದರೂ ಕೊಂಡು ಓದುವ ಪುಸ್ತಕ.

ಒಂದು ಕಷ್ಟ ಈಗ ಹೆಚ್ಚಾಗಿದೆ. ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಬರೆಸಿದ ಪುಸ್ತಕಗಳು ರಾಶಿ ಬೀಳುತ್ತಿವೆ. 2023ರಲ್ಲಿ ಅಮೆಜಾನ್ ಒಬ್ಬರು ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಪುಸ್ತಕ ಹಾಕುವಂತಿಲ್ಲ ಅಂತ ಮಿತಿ ಇಟ್ಟಿತು ಅಂದರೆ ಲೆಕ್ಕ ಹಾಕಿ. ನಿಜವಾಗಿ ವರ್ಷಗಟ್ಟಲೆ ಕೂತು ಬರೆದವರು ಈ ರಾಶಿಯ ಅಡಿ ಸಿಕ್ಕಿಬಿದ್ದಿದ್ದಾರೆ. ಇದಕ್ಕೇ ನಾನು ಮತ್ತೆ ಮತ್ತೆ ಹೇಳುವುದು, ಓದಿದವರು ವಿವರವಾಗಿ ಬರೆಯಿರಿ ಅಂತ.

ಮೂರನೆಯದು ಕನ್ನಡದ್ದು, ಮೊಬೈಲಿನಲ್ಲಿ ಕಂತುಗಳಾಗಿ ಬರುತ್ತಿದೆ. ಕನ್ನಡದಲ್ಲಿ ಸ್ವಂತ ಪ್ರಕಾಶನ ಹೊಸ ವಿಷಯ ಅಲ್ಲ, ತೇಜಸ್ವಿಯವರೇ ತಮ್ಮದೇ ಪ್ರಕಾಶನ ಕಟ್ಟಿಕೊಂಡಿದ್ದರು. ಈ ಕಥೆ ನಡೆಯುವುದು ನಮ್ಮ ಕಡೆಯೇ, ಮುಂದಿನ ಶತಮಾನದ ಮಡಿಕೇರಿ ಹತ್ತಿರದ ಊರಲ್ಲಿ. ಗುಡ್ಡ ಜಾರುವುದನ್ನು ಮೊದಲೇ ಹೇಳುವ ಯಂತ್ರ ಇದೆ, ಅದರ ಜೊತೆ ಒಬ್ಬಳು ಹುಡುಗಿ, ಊರಲ್ಲಿ ಒಬ್ಬ ಅಜ್ಜ. ಜನರಿಗೆ ಅದರ ಮೇಲೆ ನಂಬಿಕೆ ಇಲ್ಲ. ಸಂಭಾಷಣೆ ತುಂಬಾ ಸೊಗಸು. ಆದರೆ ಯಂತ್ರ ಬರೀ ಶೇಕಡಾವಾರು ಹೇಳುತ್ತದೆ. ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ನೋಡಿದವರು ಯಾರೂ ಶೇಕಡಾ ನೆನಪಿಟ್ಟುಕೊಂಡಿಲ್ಲ. ನೆಲದಲ್ಲಿ ಬಿಟ್ಟ ಬಿರುಕು, ವಾಲಿದ ಮರ, ತಿಳಿಯಾಗಿದ್ದ ಒರತೆಯಲ್ಲಿ ಇದ್ದಕ್ಕಿದ್ದಂತೆ ಕೆಸರು ನೀರು, ಇಂಥವನ್ನು ನೆನಪಿಟ್ಟುಕೊಂಡಿದ್ದಾರೆ. ಮಣ್ಣಿನೊಳಗೆ ನೀರಿನ ಒತ್ತಡ ಏರಿದಾಗ ಗುಡ್ಡ ಹಿಡಿತ ಬಿಡುತ್ತದೆ. ಯಂತ್ರ ಅಳೆಯಬೇಕಾದ್ದೂ ಅದನ್ನೇ, ಅಜ್ಜ ಕೈ ಅದ್ದಿ ನೋಡುವ ಒರತೆ ಹೇಳುವುದೂ ಅದನ್ನೇ. ಇಬ್ಬರೂ ಒಂದೇ ಸಂಗತಿ ನೋಡುತ್ತಿದ್ದಾರೆ, ಒಬ್ಬರಿಗೊಬ್ಬರು ಗೊತ್ತಿಲ್ಲ. ಏಳನೇ ಕಂತಿನ ಜಗಳ ಪೂರ್ತಿ ಇದರ ಮೇಲೆ ನಿಲ್ಲಬಹುದಿತ್ತು.

ಎಂಟನೇ ಕಂತು ಇನ್ನೂ ಬಂದಿಲ್ಲ. ಲೇಖಕರಿಗೆ ನಿನ್ನೆಯೇ ಇಷ್ಟುದ್ದ ಬರೆದು ಕಳಿಸಿದ್ದೇನೆ, ಒರತೆಯ ಹತ್ತಿರ ಆ ಯಂತ್ರದ ಹುಡುಗಿಯನ್ನು ಒಂದು ಸಲ ಕರಕೊಂಡು ಹೋಗಿ ಅಂತ.